ಹೋಗಿ ನೋಡಿ ಬರುತ್ತಿದ್ದ ಡೆಲ್ಮರ್

ಡೆಲ್ಮರ್‌ನ ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಎದ್ದು ನಿಂತು ನಾನೂ ನಾಲ್ಕು ಮಾತಾಡಿದೆ. ನಾಲ್ಕೂ ನಿಜವೇ. ಆದರೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡು ಕೂತೆ. ಆಮೇಲೆ ಅವನ ಹೆಂಡತಿ ನೋರೀನ್ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಅಂದ್ರೆ ಅವ್ನಿಗೆ ಪ್ರಾಣ ಕಣೋ ಗಾರ್ತ್" ಅಂದಳು. ನನಗೆ ಎರಡು ದಿನ ಊಟ ಸೇರಲಿಲ್ಲ. ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ. ಹೇಡಿಗಳು ಸಾಮಾನ್ಯವಾಗಿ ಹೀಗೆಯೇ, ಎಲ್ಲ ಮುಗಿದ ಮೇಲೆ ಕಾಗದ ಹಿಡಿಯುತ್ತಾರೆ.

ಡೆಲ್ಮರ್ ವಿಕ್ ನಮ್ಮ ಡ್ರೈ ಫೋರ್ಕ್ ಊರಿನ ಹಿಮ ಗುಡಿಸುವ ಲಾರಿಯ ಡ್ರೈವರ್. ವಯೋಮಿಂಗ್‌ನ ಈ ಬಯಲಿನಲ್ಲಿ ಅಕ್ಟೋಬರಿಗೆ ಬಿದ್ದ ಹಿಮ ಮೇ ತಿಂಗಳವರೆಗೂ ಹಟ ಹಿಡಿದು ಕೂರುತ್ತದೆ. ಮೂವತ್ತೊಂದು ವರ್ಷ ಅವನು ಲಾರಿ ಓಡಿಸಿದ, ನಾನು ಅದೇ ಶೆಡ್ಡಿನಲ್ಲಿ ಆ ಲಾರಿಯ ಹೊಟ್ಟೆಯಡಿ ಮಲಗಿ ರಿಪೇರಿ ಮಾಡಿದೆ. ಅವನದು ಒಂದು ಚಾಳಿ. ರಸ್ತೆ ಬಿಟ್ಟು ಹೊರಗೆ ಹೋದ ಚಕ್ರದ ಗುರುತು ಕಂಡರೆ ಸಾಕು, ಲಾರಿ ನಿಲ್ಲಿಸಿ ಇಳಿದು ಹೋಗಿ ನೋಡಬೇಕು. ನೂರಕ್ಕೆ ತೊಂಬತ್ತೊಂಬತ್ತು ಸಲ ಅಲ್ಲಿ ಏನೂ ಇರುವುದಿಲ್ಲ. ಯಾರೋ ರೈತ ದನಕ್ಕೆ ಹುಲ್ಲು ಹಾಕಲು ಹೋಗಿರುತ್ತಾನೆ ಅಷ್ಟೇ. "ನಿನ್ನಿಂದ ಡೀಸೆಲ್ ದಂಡ ಕಣೋ" ಎಂದು ಮೇಲಿನವರು ಬೈಯುತ್ತಿದ್ದರು. ಇವನು, "ನೋಡ್ದೇ ಇದ್ರೆ ಏನೂ ಇಲ್ಲ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಮುಗ್ಧವಾಗಿ ಕೇಳುತ್ತಿದ್ದ. ಒಂದು ಸಲ ಮಾತ್ರ ಹಳ್ಳದಲ್ಲಿ ಮಗುಚಿದ ಕಾರಿನಿಂದ ಒಬ್ಬ ಮುದುಕಿಯನ್ನೂ ಅವಳ ಬೆಕ್ಕನ್ನೂ ಎತ್ತಿಕೊಂಡು ಬಂದ. ಮುದುಕಿ ಸುಮ್ಮನಿದ್ದಳು, ಬೆಕ್ಕು ಇವನ ಮೂತಿಯನ್ನೆಲ್ಲ ಪರಚಿ ಹಾಕಿತ್ತು.

ಅವನ ಇನ್ನೊಂದು ಹುಚ್ಚು ಎಲ್ಕ್ ಬೇಟೆ. ಎಲ್ಕ್ ಅಂದರೆ ಕಡವೆಯಂಥದ್ದೇ, ಆದರೆ ಅದಕ್ಕಿಂತ ದೊಡ್ಡ ಪ್ರಾಣಿ. ಒಂದನ್ನು ಹೊಡೆದರೆ ಎರಡು ಮನೆಗೆ ಇಡೀ ಚಳಿಗಾಲದ ಮಾಂಸ. ನಮ್ಮ ಬಯಲಿನಲ್ಲಿ ಮರೆಯೇ ಇಲ್ಲ. ಮೊಣಕಾಲೆತ್ತರದ ಸೇಜ್ ಪೊದೆ ಬಿಟ್ಟರೆ ಬರೀ ಹಿಮ, ಗಾಳಿ. ಅರ್ಧ ಮೈಲಿ ದೂರದಿಂದಲೇ ಅವು ನಮ್ಮನ್ನು ನೋಡಿ ಜಾಗ ಖಾಲಿ ಮಾಡುತ್ತವೆ. ಹಾಗಾಗಿ ದೂರದಿಂದಲೇ ಹೊಡೆಯಬೇಕು, ಐನೂರು ಗಜ, ಆರುನೂರು ಗಜ. ಅಷ್ಟು ದೂರದಲ್ಲಿ ಗುಂಡು ತಾಗಿದರೂ ಎಷ್ಟೋ ಸಲ ಎಲ್ಕ್ ಬೆಚ್ಚುವುದೂ ಇಲ್ಲ. ಏನೂ ಆಗದ ಹಾಗೆ ಗುಂಪಿನ ಜೊತೆ ನಡೆದುಕೊಂಡು ಹೋಗಿ ಗುಡ್ಡದಾಚೆ ಬೀಳುತ್ತದೆ. ಅದಕ್ಕೇ ಗುರಿ ತಪ್ಪಿತು ಎಂದು ಎಷ್ಟೇ ಖಾತ್ರಿಯಿದ್ದರೂ, ಅದು ನಿಂತಿದ್ದ ಜಾಗಕ್ಕೆ ಹೋಗಿ ರಕ್ತವೋ ಕೂದಲೋ ಬಿದ್ದಿದೆಯಾ ಎಂದು ನೋಡಬೇಕು. ಊರಿನ ಬೇಟೆ ತರಗತಿಯಲ್ಲಿ ಡೆಲ್ಮರ್ ಇಪ್ಪತ್ತು ವರ್ಷ ಪಾಠ ಹೇಳಿದ. ಬಂದೂಕಿನ ಬಗ್ಗೆ ಅವನು ಹೇಳುತ್ತಿದ್ದುದು ಕಡಿಮೆ, ಈ ನಡಿಗೆಯ ಬಗ್ಗೆ ಹೇಳುತ್ತಿದ್ದುದೇ ಜಾಸ್ತಿ. "ಅಲ್ಲೀತನಕ ನಡೆಯೋಕೆ ಕಾಲು ಬರಲ್ವಾ? ಹಾಗಾದ್ರೆ ಬಂದೂಕಿನ ಕುದುರೆ ಮೇಲೆ ಬೆರಳೂ ಇಡಬೇಡಿ" ಎಂದು ಮಕ್ಕಳಿಗೆ ಗದರುತ್ತಿದ್ದ. ಊರಿನಲ್ಲಿ ಅರ್ಧಕ್ಕರ್ಧ ಜನ ಅವನಿಂದಲೇ ಬೇಟೆ ಕಲಿತವರು.

ಹೋಗಿ ನೋಡುವುದಕ್ಕೂ ಒಂದು ಕ್ರಮವಿದೆ. ಬಿಳಿ ಇಳಿಜಾರಿನಲ್ಲಿ ಎಲ್ಲ ಜಾಗವೂ ಒಂದೇ ಥರ ಕಾಣುತ್ತದೆ. ಕೊರಕಲು ಇಳಿದು ಆಚೆ ಹತ್ತುವಷ್ಟರಲ್ಲಿ ಎಲ್ಕ್ ಎಲ್ಲಿ ನಿಂತಿತ್ತೆಂದೇ ಮರೆತುಹೋಗುತ್ತದೆ. ಹಾಗಾಗಿ ಹೊಡೆದವನು ಮಲಗಿದ ಜಾಗದಿಂದ ಏಳುವ ಹಾಗಿಲ್ಲ. ಬಂದೂಕಿನ ದುರ್ಬೀನಿನಲ್ಲಿ ಆ ಜಾಗವನ್ನೇ ಹಿಡಿದುಕೊಂಡಿರಬೇಕು. ಜೊತೆಗಾರ ನಡೆದು ಹೋಗಬೇಕು, ಹೊಡೆದವನು ಎಡಕ್ಕೆ ಬಲಕ್ಕೆ ಎಂದು ಕೈಸನ್ನೆ ಮಾಡಬೇಕು. ನಮ್ಮಿಬ್ಬರಲ್ಲಿ ಹೊಡೆಯುವವನು ಡೆಲ್ಮರ್, ನಡೆಯುವವನು ನಾನು. ಅವನ ಮೊಣಕಾಲು ಲಾರಿಯ ಕ್ಲಚ್ ತುಳಿದು ತುಳಿದು ಹಾಳಾಗಿತ್ತು. ಹತ್ತೊಂಬತ್ತು ವರ್ಷ ನಾನು ಹೋಗಿ ನೋಡಿ ಬಂದೆ. ನಿಯತ್ತಾಗಿಯೇ ನೋಡಿ ಬಂದೆ.

ಇಪ್ಪತ್ತನೆಯ ವರ್ಷ, ನವೆಂಬರಿನ ಒಂದು ಶನಿವಾರ ಮಧ್ಯಾಹ್ನ. ಕೊರಕಲಿನಾಚೆ ಬೋಳು ಗುಡ್ಡದ ಮೇಲೆ ಮೂವತ್ತು ಹೆಣ್ಣು ಎಲ್ಕ್‌ಗಳು ಸಾಲಾಗಿ ಹೋಗುತ್ತಿದ್ದವು. ಆರುನೂರ ನಲವತ್ತು ಗಜ. ಡೆಲ್ಮರ್ ಹೊಟ್ಟೆಯ ಮೇಲೆ ಮಲಗಿ, ಎಷ್ಟು ದೂರಕ್ಕೆ ಗುರಿ ಎಷ್ಟು ಮೇಲಿರಬೇಕು ಎಂದು ಬಂದೂಕಿನ ಹಿಡಿಗೆ ಅಂಟಿಸಿಕೊಂಡ ಲೆಕ್ಕದ ಚೀಟಿ ನೋಡಿ, ಹಾರುತ್ತಿದ್ದ ಹಿಮದ ಪುಡಿಯಲ್ಲಿ ಗಾಳಿಯನ್ನು ಅಳೆದು ಹೊಡೆದ. ಗುಂಪು ಒಮ್ಮೆ ಗಕ್ಕನೆ ನಿಂತಿತು, ಆಮೇಲೆ ಓಡಿ ಗುಡ್ಡದಾಚೆ ಇಳಿಯಿತು. ಒಂದೂ ಬೀಳಲಿಲ್ಲ.

"ತಾಗಿದ ಸದ್ದು ಕೇಳಿಸ್ತೇನೋ?" ಅಂದ ಡೆಲ್ಮರ್.

"ನಂಗೇನೂ ಕೇಳಿಸ್ಲಿಲ್ಲ. ಬೆನ್ನ ಮೇಲಿಂದ ಹೋಯ್ತು ಮಾರಾಯ. ಆಚೆ ಹಿಮ ಹಾರಿದ್ದು ನೋಡ್ದೆ."

"ನಂಗ್ಯಾಕೋ ಅನುಮಾನ. ಹೋಗಿ ಬರ್ತೀಯಾ?"

"ನಿಂದೊಳ್ಳೆ ರಗಳೆ ಆಯ್ತಲ್ಲ" ಎಂದು ಗೊಣಗಿಕೊಂಡು ಹೊರಟೆ.

ಕೊರಕಲಿನ ತಳದಲ್ಲಿ ಹಿಮ ಸೊಂಟದವರೆಗೆ ಇತ್ತು. ಬೂಟಿನೊಳಗೆ ನೀರು ಇಳಿಯಿತು. ಅಷ್ಟರಲ್ಲಿ ಮೋಡ ಕವಿದು ಹಿಮ ಸುರಿಯತೊಡಗಿತು. ಹಿಂತಿರುಗಿ ನೋಡಿದರೆ ಡೆಲ್ಮರ್ ಇದ್ದ ಏರಿ ಕಾಣಲಿಲ್ಲ. ಅಂದರೆ ಅವನಿಗೂ ನಾನು ಕಾಣುವುದಿಲ್ಲ. ಈ ಯೋಚನೆ ಬಂದಿದ್ದೇ ತಡ, ನನ್ನ ಕಾಲು ನಿಂತುಬಿಟ್ಟಿತು. ಆಚೆ ದಂಡೆ ಹತ್ತುವುದು, ಕೈಸನ್ನೆ ಮಾಡುವವನಿಲ್ಲದೆ ಜಾಗ ಹುಡುಕುವುದು, ಮತ್ತೆ ಇಳಿದು ಹತ್ತುವುದು. ಇನ್ನೂ ಒಂದೂವರೆ ಗಂಟೆಯ ಪಾಡು. ಗುರಿ ತಪ್ಪಿದ್ದು ಖಂಡಿತ ಎಂದು ನನಗೆ ನಾನೇ ಹೇಳಿಕೊಂಡೆ. ದಂಡೆಯ ಮರೆಯಲ್ಲಿ ಕೂತು ಫ್ಲಾಸ್ಕಿನ ಕಾಫಿ ಪೂರ್ತಿ ಕುಡಿದೆ. ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗಡಿಯಾರ ನೋಡಿಕೊಂಡು ಕೂತಿದ್ದೆ. ಇದಕ್ಕೆ ಸೋಮಾರಿತನ ಅನ್ನುವುದು ಬಿಟ್ಟು ಬೇರೆ ಹೆಸರಿಲ್ಲ. ಇದ್ದರೆ ನಾನು ಎಂದೋ ಹುಡುಕಿಕೊಂಡಿರುತ್ತಿದ್ದೆ.

ವಾಪಸ್ ಬಂದಾಗ ಡೆಲ್ಮರ್ ಹಿಮದಲ್ಲಿ ಹೂತುಹೋದ ಹಾಗೆ ಮಲಗಿಯೇ ಇದ್ದ. ಬಂದೂಕು ಕದಲಿಸಿರಲಿಲ್ಲ. ಹುಬ್ಬಿನ ಮೇಲೆಲ್ಲ ಮಂಜು ಕಟ್ಟಿತ್ತು.

"ರಕ್ತ?"

"ಒಂದು ಹನೀನೂ ಇಲ್ಲ."

"ಕೂದ್ಲು?"

"ಇಲ್ಲ ಅಂದ್ನಲ್ಲೋ. ಗುಡ್ಡದಾಚೆಗೂ ಇಣುಕಿ ನೋಡ್ದೆ. ಎಲ್ಲಾ ಆರಾಮಾಗಿ ಓಡಿ ಹೋಗಿದಾವೆ."

ಕೇಳದಿದ್ದರೂ ಸೇರಿಸಿ ಹೇಳಿದೆ. ಸುಳ್ಳು ಹೇಳುವವನ ನಾಲಿಗೆ ಯಾವಾಗಲೂ ಸ್ವಲ್ಪ ಉದ್ದ. ಡೆಲ್ಮರ್ ಮೊಣಕಾಲು ಹಿಡಿದುಕೊಂಡು ಎದ್ದ. "ಸರಿ ಬಿಡು. ನೀನು ನೋಡಿದ್ಯಲ್ಲ" ಅಂದ. ಮುಖದಲ್ಲಿ ನೆಮ್ಮದಿಯಿತ್ತು.

ಸೋಮವಾರ ಅವನು ಇನ್ನೊಂದು ಕಡೆ ಇನ್ನೊಂದು ಎಲ್ಕ್ ಹೊಡೆದ. ಹತ್ತಿರದ ಗುರಿ, ನಿಂತಲ್ಲೇ ಬಿತ್ತು. ವರ್ಷಕ್ಕೆ ಒಬ್ಬರಿಗೆ ಒಂದೇ ಪರವಾನಗಿ ಚೀಟಿ. ಚೀಟಿಯನ್ನು ಅದರ ಕಾಲಿಗೆ ಕಟ್ಟಿ, ಮಾಂಸವನ್ನು ಅವನ ಗ್ಯಾರೇಜಿನಲ್ಲಿ ತೂಗುಹಾಕಿದೆವು. ಬುಧವಾರ ಅವನು ಲಾರಿ ಓಡಿಸುವಾಗ ಆ ಬೋಳು ಗುಡ್ಡದಾಚೆ ಕಾಗೆ, ಹದ್ದು ಸುತ್ತುತ್ತಿರುವುದನ್ನು ಕಂಡ. ಡೆಲ್ಮರ್ ಅಲ್ಲವೇ, ಲಾರಿ ನಿಲ್ಲಿಸಿ ಇಳಿದ.

ಶನಿವಾರದ ಎಲ್ಕ್ ಅಲ್ಲಿ ಬಿದ್ದಿತ್ತು, ನಿಂತಿದ್ದ ಜಾಗದಿಂದ ಇನ್ನೂರು ಹೆಜ್ಜೆ ಆಚೆಗೆ. ಅವನ ಗುಂಡು ಶ್ವಾಸಕೋಶದ ಹಿಂದೆ ತಾಗಿತ್ತು. ಬೇಗ ಸತ್ತಿರಲಿಲ್ಲ, ಸುತ್ತಲ ಹಿಮವನ್ನೆಲ್ಲ ಒದ್ದು ಕೆದಕಿತ್ತು. ಕಯೋಟಿಗಳು, ಅಂದರೆ ಈ ಬಯಲಿನ ಗುಳ್ಳೆನರಿಗಳು, ಅರ್ಧ ತಿಂದು ಮುಗಿಸಿದ್ದವು.

ನನಗೆ ಇದು ಗೊತ್ತಾಗಿದ್ದು ಮಾರನೇ ದಿನ, ಕಾಫಿ ಅಂಗಡಿಯಲ್ಲಿ. ಡೆಲ್ಮರ್ ತಾನೇ ಬೇಟೆ ವಾರ್ಡನ್ ಕೋರಾಳ ಬಾಗಿಲಿಗೆ ಹೋಗಿ, ಒಂದು ಚೀಟಿಗೆ ಎರಡು ಪ್ರಾಣಿ ಕೊಂದೆ ಎಂದು ಹೇಳಿ ಬಂದಿದ್ದ. ಗ್ಯಾರೇಜಿನ ಮಾಂಸವನ್ನೂ ಬಂದೂಕನ್ನೂ ಒಪ್ಪಿಸಿದ್ದ. ಎರಡು ವರ್ಷ ಬೇಟೆಯಾಡುವ ಹಾಗಿಲ್ಲ. ಪಾಪ ಕೋರಾ ಹನ್ನೆರಡರ ವಯಸ್ಸಿನಲ್ಲಿ ಅವನ ತರಗತಿಯಲ್ಲಿ ಕಲಿತವಳು.

"ಎಲ್ಲರಿಗೂ ಪಾಠ ಹೇಳೋ ಮೇಷ್ಟ್ರು ತಾವೇ ಹೋಂವರ್ಕ್ ಮಾಡಿಲ್ವಂತೆ!" ಎಂದ ಅಂಗಡಿಯ ರಸ್ಟಿ, ಕಪ್ಪು ಒರೆಸುತ್ತ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ಹಲ್ಲು ಕಿರಿದೆ. ಆ ನಗು ನೆನಪಾದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಂಜೆ ಅವನ ಗ್ಯಾರೇಜಿಗೆ ಹೋದೆ. ಖಾಲಿ ಕೊಕ್ಕೆಯ ಕೆಳಗೆ ನೆಲ ತೊಳೆಯುತ್ತಿದ್ದ.

"ಕೋರಾ ಏನ್ ಕೇಳಿದ್ಲು?"

"'ಹೋಗಿ ನೋಡಿದ್ರಾ, ಮಿಸ್ಟರ್ ವಿಕ್?' ಅಂತ ಕೇಳಿದ್ಲು."

"ನೀನೇನಂದೆ?"

"ಇಲ್ಲ ಅಂದೆ."

"ನನ್ ಹೆಸ್ರು...?"

"ನಿನ್ ಹೆಸ್ರು ಯಾಕೆ? ಹೊಡ್ದಿದ್ದು ನಾನು." ಪೊರಕೆ ಗೋಡೆಗೆ ಒರಗಿಸಿದ. ನನ್ನ ಮುಖ ನೋಡಲಿಲ್ಲ. "ಮೂರು ದಿನ ಗಾಳಿ ಬೀಸ್ತಲ್ಲ, ಗಾರ್ತ್. ಸಡಿಲ ಹಿಮನೆಲ್ಲ ಗುಡಿಸ್ಕೊಂಡು ಹೋಗಿದೆ. ನೀನು ತುಳಿದು ಗಟ್ಟಿ ಮಾಡಿದ್ದು ಮಾತ್ರ ನಿಂತಿದೆ. ಒಂದೊಂದು ಹೆಜ್ಜೆನೂ ಇಷ್ಟೆತ್ತರ." ಎರಡು ಬೆರಳಿನಲ್ಲಿ ಅಳತೆ ತೋರಿಸಿದ. "ಕೊರಕ್ಲಿನ ತಳದ್ ತನಕ ಬಂದಿದಾವೆ. ಅಲ್ಲಿ ಕೂತಿದ್ದ ಜಾಗ ಇದೆ. ಅಲ್ಲಿಂದ ವಾಪಸ್ ಹೋಗಿದಾವೆ."

ಬಯಲಿನಲ್ಲಿ ಬೆಳೆದವನು ನಾನು. ಗಾಳಿ ಬೀಸಿದ ಮೇಲೆ ಹಳೆಯ ಹೆಜ್ಜೆಗಳು ಗುಳಿಯಾಗುವ ಬದಲು ಬನ್ನಿಟ್ಟ ಹಾಗೆ ಎದ್ದು ನಿಲ್ಲುವುದನ್ನು ಸಾವಿರ ಸಲ ನೋಡಿದ್ದೇನೆ. ಕಾಫಿ ಕುಡಿಯುತ್ತ ಕೂತಾಗ ಹಿಮ ಬೀಳುತ್ತಿದೆ, ಎಲ್ಲ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ಕ್ಷಮಿಸು ಅನ್ನಲು ಅದೇ ಸಮಯವಾಗಿತ್ತು. ಕೋರಾಳ ಹತ್ತಿರ ಬಾ, ನಾನೇ ಹೇಳುತ್ತೇನೆ ಅನ್ನಲೂ ಅದೇ ಸಮಯ. ನನ್ನ ಬಾಯಿಂದ ಬಂದಿದ್ದು, "ಕಾಫಿ ಇದ್ಯಾ?" ಎಂಬ ಮಾತು. ಡೆಲ್ಮರ್ ಒಳಗೆ ಹೋಗಿ ಕಾಫಿ ತಂದುಕೊಟ್ಟ.

ಆ ವಾರವೇ ಅವನು ಬೇಟೆ ತರಗತಿಯ ಬೀಗದ ಕೈ ವಾಪಸ್ ಕೊಟ್ಟ. ಬೇಡ, ನೀನೇ ಮುಂದುವರಿಸು ಎಂದು ಕೆಲವರು ಹೇಳಿದರು. "ಹೋಗಿ ನೋಡ್ದೇ ಇರೋನು ಮಕ್ಕಳ ಮುಂದೆ ನಿಂತು ಏನ್ ಹೇಳೋದು?" ಅಂದನಂತೆ. ಆ ತರಗತಿ ಅವನ ಜೀವ. ಮಕ್ಕಳಿಲ್ಲದ ಮನೆ ಅವನದು. ನೋರೀನ್ ನನ್ನ ಹತ್ತಿರ ಬಂದು, "ನೀನಾದ್ರೂ ಒಂದ್ ಮಾತು ಹೇಳೋ, ನಿನ್ ಮಾತು ಕೇಳ್ತಾನೆ" ಎಂದು ಗೋಗರೆದಳು. ನೋಡೋಣ ಎಂದೆ. ನಾನು ಬಾಯಿ ಬಿಟ್ಟಿದ್ದರೆ ಒಂದೇ ದಿನದಲ್ಲಿ ಅವನ ಹೆಸರು ಅವನಿಗೆ ವಾಪಸ್ ಸಿಗುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಎರಡು ವರ್ಷ ತಳ್ಳಿದೆ. ಅವನು ಎಂದಿನಂತೆ ಭಾನುವಾರ ಬಂದು ನನ್ನ ಜೊತೆ ಇಸ್ಪೀಟು ಆಡುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೆಯ ವರ್ಷ ನಿಷೇಧ ಮುಗಿಯಿತು. ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿ, "ಬರ್ತೀಯಾ?" ಅಂದ. ನಾನು ಮದುವಣಿಗನ ಹಾಗೆ ಹೊರಟೆ. ಎಲ್ಲ ಮರೆತಿದ್ದಾನೆ, ಇನ್ನೇನೂ ಹೇಳಬೇಕಾಗಿಲ್ಲ ಅನ್ನಿಸಿತು.

ಹೊತ್ತೇರುವಷ್ಟರಲ್ಲಿ ಎಲ್ಕ್ ಸಿಕ್ಕಿತು, ಒಂಟಿ ಹೆಣ್ಣು. ಐನೂರ ಎಂಬತ್ತು ಗಜ. ನಡುವೆ ಆಳವಾದ ತಗ್ಗು. ಡೆಲ್ಮರ್ ಹೊಡೆದ. ಅದು ಕಿವಿ ನಿಮಿರಿಸಿ ನಿಂತು, ಸಾವಕಾಶವಾಗಿ ನಡೆದು ಏರಿಯಾಚೆ ಇಳಿಯಿತು. ನಾನು ಆಗಲೇ ಎದ್ದು ಕೋಟಿನ ಗುಂಡಿ ಹಾಕುತ್ತಿದ್ದೆ.

"ಎಲ್ಲಿಗೆ?" ಅಂದ.

"ನೋಡ್ಕೊಂಡ್ ಬರ್ತೀನಿ."

"ಬೇಡ. ನೀನು ಇಲ್ಲಿ ಮಲಕ್ಕೋ. ದುರ್ಬೀನಲ್ಲಿ ಜಾಗ ಹಿಡ್ಕೊಂಡಿರು, ಕೈ ತೋರ್ಸು. ನಾನು ಹೋಗ್ತೀನಿ."

"ನಿನ್ ಮೊಣಕಾಲಲ್ಲಿ ಆಗುತ್ತೇನೋ? ಎಪ್ಪತ್ತಾಯ್ತು ನಿಂಗೆ! ನಾನು ಹೋಗ್ತೀನಿ ಕಣೋ, ದಮ್ಮಯ್ಯ. ಈ ಸಲ ನಿಜವಾಗ್ಲೂ..."

ಅಷ್ಟು ಹೇಳಿ ನಿಲ್ಲಿಸಿದೆ. ಎರಡು ವರ್ಷದಲ್ಲಿ ನನ್ನ ಬಾಯಿಂದ ಬಂದ ತಪ್ಪೊಪ್ಪಿಗೆ ಅಂದರೆ ಅದೊಂದೇ ಪದ. ಡೆಲ್ಮರ್‌ನ ದನಿಯಲ್ಲಿ ಸಿಟ್ಟಿರಲಿಲ್ಲ. "ಪರವಾಗಿಲ್ಲ, ನೀನು ಕೂತ್ಕೋ" ಅಂದ, ಬಸ್ಸಿನಲ್ಲಿ ಅಪರಿಚಿತರಿಗೆ ಹೇಳುವ ಹಾಗೆ. ಊರುಗೋಲು ಹಿಡಿದು ಇಳಿದ.

ನಾನು ಅವನ ಬಂದೂಕಿನ ಹಿಂದೆ ಮಲಗಿ ನೋಡಿದೆ. ತಗ್ಗಿನಲ್ಲಿ ಎರಡು ಸಲ ಬಿದ್ದ. ಆಚೆ ದಂಡೆಯನ್ನು ಅಡ್ಡಡ್ಡ ತೆವಳಿಕೊಂಡು ಹತ್ತಿದ. ನಾನು ಎಡಕ್ಕೆ ಕೈ ತೋರಿಸಿದೆ, ಬಲಕ್ಕೆ ತೋರಿಸಿದೆ. ಜಾಗ ಸಿಕ್ಕ ಮೇಲೆ ಮೊಣಕಾಲೂರಿ, ಕೈಗವಸು ತೆಗೆದು, ಹಿಮವನ್ನು ಅಂಗೈಯಿಂದ ಸವರಿ ಸವರಿ ನೋಡಿದ. ಆಮೇಲೆ ಎಲ್ಕ್ ಹೋದ ಜಾಡು ಹಿಡಿದು ಏರಿಯಾಚೆ ಮರೆಯಾದ. ನಾನು ಎಣಿಸುತ್ತ ಕೂತೆ. ಐವತ್ತು ನಿಮಿಷದ ಮೇಲೆ ಅವನ ಟೋಪಿ ಮತ್ತೆ ಕಾಣಿಸಿತು.

ಒಟ್ಟು ಮೂರು ಗಂಟೆ ಹಿಡಿಯಿತು. ಬಂದು ನನ್ನ ಪಕ್ಕ ಕುಸಿದು ಕೂತಾಗ ತುಟಿ ನೀಲಿಯಾಗಿತ್ತು.

"ಏನೂ ಇಲ್ಲ. ತಾಗಿಲ್ಲ" ಅಂದ.

ನಾನು ತಕ್ಷಣ ನಂಬಿದೆ. ಐವತ್ತು ನಿಮಿಷ ಅವನು ಏರಿಯಾಚೆ ನನ್ನ ಕಣ್ಣಿಗೆ ಕಾಣಿಸಿರಲಿಲ್ಲ. ಅಲ್ಲಿ ಬರೀ ಕೂತಿದ್ದು ಎದ್ದು ಬಂದಿರಬಹುದಿತ್ತು. ಆ ಅನುಮಾನ ನನಗೆ ಬರಲೇ ಇಲ್ಲ. ಡೆಲ್ಮರ್ ನೋಡಿದೆ ಅಂದರೆ ನೋಡಿದ, ಅಷ್ಟೇ. ಹತ್ತೊಂಬತ್ತು ವರ್ಷ ಅವನೂ ನನ್ನನ್ನು ಹೀಗೆಯೇ ನಂಬಿದ್ದ.