ಹುರಿ ಕಟ್ಟಿದ ಬ್ರೇಕು

ಮೊನ್ನೆಯ ಮಳೆಗೆ ಹಿತ್ತಲಿನ ಬಟ್ಟೆ ಹಗ್ಗ ನೆನೆದು ಎಷ್ಟು ಬಿಗಿದುಕೊಂಡಿತ್ತೆಂದರೆ, ಒಂದು ಕಡೆಯ ಗೂಟವೇ ವಾಲಿಬಿಟ್ಟಿತ್ತು. ಹತ್ತಿಯ ಹಗ್ಗ, ಅದನ್ನು ಕಟ್ಟಿದ ಸೊಸೆಗೆ ಅದರ ಗುಣ ಗೊತ್ತಿಲ್ಲ. ಸಡಿಲ ಮಾಡೋಣವೆಂದು ಹೋದೆ. ಒದ್ದೆ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಗಂಟಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟೆ. ಭಾವ ನೆನಪಾದರು...

ಭಾವ ಎಂದರೆ ನಮ್ಮಕ್ಕನ ಗಂಡ. ದೊಡ್ಡಬಳ್ಳಾಪುರದಲ್ಲಿ ನಡುಮನೆಯ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದರು. ನಾನು ಅದೇ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವವರಲ್ಲಿ ಕೆಲಸಕ್ಕಿದ್ದು, ಅಕ್ಕನ ಮನೆಯಲ್ಲೇ ಉಣ್ಣುತ್ತಿದ್ದೆ. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲು ಹಾಕಿ ಓಡಿಸುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೂಲು ಬೇಕಾದರೆ ಬೆಂಗಳೂರಿನ ಪೇಟೆಗೆ ಹೋಗಿ ಕಾದು ಕುಳಿತು ತರಬೇಕು. ನೂಲಿಲ್ಲದಿದ್ದರೆ ಮಗ್ಗ ನಿಂತಿತು. ಮಗ್ಗ ನಿಂತರೆ ಅಕ್ಕ ಬೇರೆಯವರ ಮನೆಗೆ ಕೂಲಿಗೆ ಹೋಗಬೇಕು. ಅದೊಂದು ಮಾತ್ರ ಆಗಕೂಡದೆಂದು ಭಾವ ಪಟ್ಟು ಹಿಡಿದಿದ್ದರು. ಅದಕ್ಕೇ ಸೈಕಲ್ಲು.

ಸೈಕಲ್ಲು ಎಂದೆ, ಅಷ್ಟೆ. ಚೌಕಟ್ಟು ಒಂದು ಕಡೆಯದು, ಹಿಂದಿನ ಗಾಲಿ ಇನ್ನೊಂದು ಕಡೆಯದು, ಮುಂದಿನ ಗಾಲಿ ಮತ್ತೆಲ್ಲಿಯದೋ. ನಮ್ಮಿಬ್ಬರ ಸಂಜೆಗಳೆಲ್ಲ ಅದರ ಪಾಲಾದವು. ಎಲ್ಲ ಕೂಡಿಸಿದ ಮೇಲೆ ಬ್ರೇಕು ಕೈಕೊಟ್ಟಿತು. ಹಿಂದಕ್ಕೆ ಬ್ರೇಕೇ ಇರಲಿಲ್ಲ. ಮುಂದಿನ ಗಾಲಿ ಒಂದಿಷ್ಟು ಚಿಕ್ಕದಾದ್ದರಿಂದ, ಹ್ಯಾಂಡಲ್ಲಿನಿಂದ ಇಳಿದು ಬಂದು, ಹಿಡಿ ಅದುಮಿದರೆ ಮೇಲಕ್ಕೆಳೆದು ಗಾಲಿಯನ್ನು ಹಿಡಿಯುವ ಬ್ರೇಕಿನ ಕಂಬಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹೊಸ ಕಂಬಿ ಎಲ್ಲಿಯೂ ಸಿಗದು. ಕಮ್ಮಾರ ಬೆಸೆದುಕೊಟ್ಟದ್ದು ಮೊದಲ ಹಿಡಿತಕ್ಕೇ ಕಿತ್ತು ಬಂತು. ನನಗಂತೂ ಸಾಕುಸಾಕಾಗಿತ್ತು. ಭಾವ ಒಂದು ಸಂಜೆ, ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಗೆ ಕಟ್ಟುವ ಹತ್ತಿ ಹುರಿ ತಂದು, ಹೆಣೆದು ದಪ್ಪ ಮಾಡಿ, ಕಂಬಿಯ ಜಾಗಕ್ಕೆ ಕಟ್ಟಿದರು. ಮೇಲ್ಗಡೆ ತಂಬೂರಿಗಿರುವಂಥ ಪುಟ್ಟ ಮರದ ಬಿರಟೆ. ಆ ಕಡೆ ತಿರುಗಿಸಿದರೆ ಬಿಗಿ, ಈ ಕಡೆ ತಿರುಗಿಸಿದರೆ ಸಡಿಲ. ರಬ್ಬರಿನ ಬದಲು ಹಳೆಯ ಮೋಟಾರಿನ ಟೈರು ಕೊಯ್ದು ಕೂರಿಸಿದರು. ಹಿಡಿ ಅದುಮಿದರೆ ಗಾಲಿ ಗಪ್ಪನೆ ನಿಂತಿತು.

ಮೊದಲ ಮಳೆಯಲ್ಲಿ ಗೊತ್ತಾಯಿತು ಅದರ ಬಣ್ಣ. ಪೇಟೆಯಿಂದ ಬರುವಾಗ ಯಲಹಂಕದ ಹತ್ತಿರ ಮಳೆ ಹಿಡಿದು, ಹುರಿ ನೆನೆದು ಗಿಡ್ಡವಾಗಿ, ಬ್ರೇಕು ತಾನಾಗಿಯೇ ಗಾಲಿಯನ್ನು ಕಚ್ಚಿಕೊಂಡಿತ್ತು. ಅದನ್ನು ತಿಳಿಯದೆ ಭಾವ ಅಷ್ಟು ದೂರವೂ ತುಳಿದುಕೊಂಡು ಬಂದಿದ್ದರು.

“ಮಳೆಗಾಲದಾಗೆ ದಿನಾ ಎದ್ದು ಮಗ್ಗದ ಹುರಿ ಸಡಿಲ ಮಾಡೋನು ನಾನು. ಸೈಕಲ್ಗೆ ಕಟ್ಟುವಾಗ ಮರ್ತೇಬಿಟ್ನಲ್ಲಯ್ಯಾ!” ಎಂದು ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂತು. ಹುರಿಗೆ ಚೆನ್ನಾಗಿ ಜೇನುಮೇಣ ಉಜ್ಜಿದೆವು. ಆಮೇಲೆ ಮಳೆಗೂ ಅದು ಅಷ್ಟಾಗಿ ಎಳೆದುಕೊಳ್ಳಲಿಲ್ಲ.

ಮಳೆ ಮುಗಿದು ಸುಗ್ಗಿಯ ಬಿಸಿಲು ಬಂತು. ಭಾವ ಮಾತ್ರ ಪೇಟೆಯಿಂದ ಬಂದವರೇ ಜಗಲಿಯ ಮೇಲೆ ಕುಸಿದು, “ಬ್ರೇಕ್ ಹಿಡೀತಿದೆ ಕಣಯ್ಯಾ, ಒಸಿ ನೋಡು” ಎಂದರು. ಮುಂದಿನ ಗಾಲಿ ಎತ್ತಿ ತಿರುಗಿಸಿದೆ. ಎಲ್ಲಿಯೂ ಸೋಕದೆ ತಿರುಗಿತು... ಭಾವ ನನ್ನ ಮುಖ ನೋಡಿದರು. ಒಳಗೆ ಅಕ್ಕ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

“ಹೌದು ಭಾವ, ಹಿಡ್ಕೊಂಡಿದೆ” ಎಂದು ಅವಳಿಗೆ ಕೇಳುವ ಹಾಗೆ ಹೇಳಿ, ಬಿರಟೆ ಸಡಿಲ ಮಾಡಿದೆ.

ಎದೆ ರೋಗವೆಂದರೆ ಆ ಕಾಲಕ್ಕೆ ಬೇರೆ ತಟ್ಟೆ, ದೂರದ ಆಸ್ಪತ್ರೆ, ನಿಂತ ಮಗ್ಗ. ಅದರ ಹೆಸರು ಮನೆಯೊಳಗೆ ಬರಬಾರದು, ಅವರಿಗೆ ಅಷ್ಟೇ ಬೇಕಾಗಿತ್ತು. ಪ್ರತಿ ಸಲವೂ ಬಂದು ಅದೇ ಮಾತು ಹೇಳುವರು, ನಾನು ಸಡಿಲ ಮಾಡುವೆ. ಮತ್ತೆ ಅವರು ಹೊರಡುವ ಮೊದಲು ನಾನೇ ಕದ್ದು ಬಿಗಿ ಮಾಡುವೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಗತಿಯೇನು? ಒಂದು ಬೆಳಿಗ್ಗೆ ಸೀರೆಯ ಗಂಟನ್ನು ಕ್ಯಾರಿಯರಿಗೆ ಕಟ್ಟುತ್ತ, ನನ್ನ ಕಡೆ ನೋಡದೆಯೇ, “ಬಿಗಿ ಮಾಡಿದ್ಯಾ?” ಎಂದರು.

“ಮಾಡಿದೀನಿ ಭಾವ.”

“ಒಳ್ಳೇದು” ಎಂದು ಹೊರಟರು.

ಎಷ್ಟು ದಿನ ನಡೆದೀತು ಈ ಆಟ... ಒಂದು ಸಂಜೆ ಸೈಕಲ್ಲು ತಳ್ಳಿಕೊಂಡೇ ಬಂದರು. ತುಟಿ ಬಿಳಚಿಕೊಂಡಿತ್ತು. “ಬ್ರೇಕ್...” ಎಂದರು, ಮುಂದಕ್ಕೆ ಉಸಿರು ಸಾಲಲಿಲ್ಲ. ನಾನು ಏಳುವಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಸೆರಗು ಸಿಕ್ಕಿಸಿ, ಮುಂದಿನ ಗಾಲಿ ಎತ್ತಿ, ತಾನೇ ತಿರುಗಿಸಿದಳು. ಎಲ್ಲಿಯೂ ಸೋಕದೆ ಅದು ತಿರುಗಿ ತಿರುಗಿ ತಾನಾಗಿಯೇ ನಿಂತಿತು.

“ನನಗೆ ಗೊತ್ತಿಲ್ವಾ?” ಎಂದಳು. “ನೀವಾಗಿ ಹೇಳ್ತೀರಿ ಅಂತ ಕಾಯ್ತಿದ್ದೆ. ಕೂಲಿಗೆ ಹೋದ್ರೆ ನನ್ನ ಕೈಯೇನು ಸವೆದುಹೋಗಲ್ಲ.”

ಭಾವ ಕಂಬಕ್ಕೆ ಒರಗಿಕೊಂಡು, ಎಷ್ಟೋ ದಿನಗಳ ಮೇಲೆ, ಅಡಗಿಸಿಕೊಳ್ಳದೆ ಕೆಮ್ಮಿದರು.

ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಕೂಲಿಗೆ ಹೋದಳು. ಭಾವ ಮನೆಗೆ ಮರಳಲಿಲ್ಲ.

ಅಕ್ಕನೂ ಹೋಗಿ ಎಷ್ಟೋ ಕಾಲವಾಯಿತು. ಆಗಿನ ಭಾವನ ಎರಡರಷ್ಟು ವಯಸ್ಸು ಈಗ ನನಗೆ. ಮೆಟ್ಟಿಲು ಹತ್ತಿದರೆ ಸಾಕು, ಉಬ್ಬಸ. ಏನಾಯಿತೆಂದು ಸೊಸೆ ಕೇಳುತ್ತಾಳೆ. ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾನೆ ಮಗ. ಮೆಟ್ಟಿಲು ಎತ್ತರ ಜಾಸ್ತಿಯಾಯಿತು, ಅದಕ್ಕೆ, ಎನ್ನುತ್ತೇನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಳ್ಳೆಯ ಮಕ್ಕಳೇ. ಆದರೆ, ಹೌದು ಎತ್ತರವೇ ಇದೆ ಎಂದು ನನ್ನ ಪರವಾಗಿ ಒಂದು ಸುಳ್ಳು ಹೇಳುವವರು ಯಾರೂ ಉಳಿದಿಲ್ಲ.