ಒಂದು ವಾರದ ಸುಳ್ಳು

ಬಟ್ಟೆ ಶುಚಿ ಮಾಡುವ ಅಂಗಡಿಯಲ್ಲಿ ಕಲೆ ತೆಗೆಯುವ ಮೇಜು ಅವಳದು. ಗಿರಾಕಿಗಳ ಬಾಯಲ್ಲಿ ಅವಳು ಕಲೆಯಕ್ಕ. ಬಟ್ಟೆ ಕೈಗೆ ಬಂದೊಡನೆ ಅವಳು ಕೇಳುವುದು ಎರಡೇ ಮಾತು: ಏನು ಬಿತ್ತು, ಯಾವಾಗ ಬಿತ್ತು. ಜನರೋ, ಮಾನಕ್ಕೆ ಅಂಜಿ ಹೆಂಡದ ಕಲೆಯನ್ನು ಕಾಫಿ ಅನ್ನುತ್ತಾರೆ, ಹಳೆಯದನ್ನು ನಿನ್ನೆಯದು ಅನ್ನುತ್ತಾರೆ. ತಪ್ಪು ಮದ್ದು ಬಿದ್ದು ಕಲೆ ಅಲ್ಲೇ ಕೂತುಬಿಡುತ್ತದೆ. "ನನ್ನ ಹತ್ರ ನಾಚ್ಕೊಂಡು ಏನು ಸಿಗುತ್ತೆ ನಿಮಗೆ?" ಎಂದು ಅವಳು ಗದರುತ್ತಿದ್ದಳು.

ಅಂಥವಳೇ ಮನೆಯಲ್ಲಿ ಸುಳ್ಳು ಹೇಳಿದ್ದಳು.

ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅತ್ತೆ ಕೆಟ್ಟವರೇನಲ್ಲ, ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಸೊಸೆಯ ಮುಟ್ಟಿನ ದಿನಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವರದೇ ಕೆಂಪು ಗುರುತು. ಸ್ವಲ್ಪ ತಡವಾಯಿತೋ, ಅತ್ತೆ ನೀರಿನ ಬಕೆಟ್ಟು ಎತ್ತಲು ಬಿಡರು, ನಾದಿನಿಗೆ ಫೋನು ಹೋಗುತ್ತದೆ, ಗಂಡ ಮೆಲ್ಲಗೆ ಸಿಳ್ಳೆ ಹಾಕುತ್ತಾನೆ. ಆಮೇಲೆ ಮುಟ್ಟು ಬಂದರೆ ಮನೆಯಲ್ಲಿ ಯಾರೋ ಸತ್ತಂತೆ. ಆ ಮೌನ ಇನ್ನು ತಾಳಲಾರೆ ಅನ್ನಿಸಿ, ಈ ಸಲ ತಡವಾದಾಗ ಅವಳು ಮುಟ್ಟು ಬರುವ ಮೊದಲೇ "ಬಂತು ಅತ್ತೆ" ಅಂದುಬಿಟ್ಟಳು. ನಿಜವಾಗಿ ಬಂದದ್ದು ಒಂದು ವಾರ ಕಳೆದ ಮೇಲೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆ ತಿಂಗಳೇ ಡಾಕ್ಟರಮ್ಮ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಬರೆದರು. ಅಂಡ ಬಿಡುಗಡೆಯಾದ ಮೇಲೆ ಆ ಹಾರ್ಮೋನು ಏರುತ್ತದೆ. ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮುಂಚೆ ರಕ್ತ ಕೊಟ್ಟರೆ ತಿಳಿಯುತ್ತದೆ ಎಂದೂ ಹೇಳಿದ್ದರು. ಅತ್ತೆ ಕ್ಯಾಲೆಂಡರು ನೋಡಿ ಲೆಕ್ಕ ಹಾಕಿ, ಕೈಹಿಡಿದು ಲ್ಯಾಬಿಗೆ ಕರೆದೊಯ್ದರು. ಸೂಜಿ ಚುಚ್ಚುವಾಗಲೇ ದಿನ ತಪ್ಪೆಂದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ರಿಪೋರ್ಟಿನಲ್ಲಿ ಹಾರ್ಮೋನು ಕಡಿಮೆ ಬಂತು.

"ಅಂಡ ಬಿಡುಗಡೆ ಆದ ಹಾಗೆ ಕಾಣ್ತಿಲ್ಲ. ಮಾತ್ರೆ ಶುರು ಮಾಡೋಣ," ಎಂದರು ಡಾಕ್ಟರಮ್ಮ. ಪಕ್ಕದಲ್ಲಿ ಅತ್ತೆ ಕಣ್ಣೊರೆಸಿಕೊಂಡರು. ಅವಳಿಗೆ ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಇದೆಯೋ ಇಲ್ಲವೋ ತಿಳಿಯದ ರೋಗಕ್ಕೆ ಮದ್ದು, ಜೊತೆಗೆ ಜನ್ಮಕ್ಕಂಟುವ ಬಂಜೆಯೆಂಬ ಹೆಸರು. ಬಾಯಿಬಿಟ್ಟರೆ ಸುಳ್ಳುಬುರುಕಿ.

"ಮುಟ್ಟಿನ ದಿನ ಸರಿಯಾಗಿ ಹೇಳಿದ್ದೀರಿ ತಾನೇ?" ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಕೇಳಿದರು.

"ನಾನೇ ಗುರುತು ಹಾಕಿರೋದು," ಎಂದರು ಅತ್ತೆ.

"ಇಲ್ಲ ಡಾಕ್ಟ್ರೇ," ಎಂದಳು ಅವಳು. "ವಾರ ಕಳೆದು ಬಂದಿದ್ದು. ಅತ್ತೆಗೆ ನಾನು ಸುಳ್ಳು ಹೇಳ್ದೆ."

ಡಾಕ್ಟರಮ್ಮ ಬೈಯಲಿಲ್ಲ. "ಹಾಗಾದ್ರೆ ತೀರಾ ಮುಂಚೆ ರಕ್ತ ತೆಗೆದಿದ್ದಾರೆ. ಈ ರಿಪೋರ್ಟಿಂದ ಏನೂ ಹೇಳೋಕಾಗಲ್ಲ. ಮುಂದಿನ ತಿಂಗಳು ಸರಿಯಾದ ದಿನ ನೋಡಿ ಬನ್ನಿ," ಎಂದು ಮಾತ್ರೆಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಅವಳಿಗೆ ಹೋದ ಜೀವ ಬಂದಂತಾಯಿತು.

ದಾರಿಯುದ್ದಕ್ಕೂ ಅತ್ತೆ ಅವಳ ಕೈ ಬಿಡಲಿಲ್ಲ. ಬೈದಿದ್ದರೇ ಎಷ್ಟೋ ವಾಸಿಯಿತ್ತು. ಮನೆ ಬಾಗಿಲ ಬೀಗ ತೆಗೆಯುತ್ತಾ, ಮಗುವನ್ನು ಸಂತೈಸುವಷ್ಟು ಮೆತ್ತಗೆ ಅಂದರು:

"ಹೋಗ್ಲಿ ಬಿಡಮ್ಮ. ಇನ್ಮೇಲೆ ನೀನು ದಿನ ಹೇಳೋದೇ ಬೇಡ. ನಿನ್ನ ಬಟ್ಟೆ ನಾನೇ ಒಗೀತೀನಿ."