ಅತ್ತಿಗೆ ಹಾಕದ ಬೀಗ

ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕವೊಂದಕ್ಕೆ ದಿನದಿನದ ವೇಳಾಪಟ್ಟಿ ಹಾಕಿಕೊಡುವುದು ಅವಳ ಕೆಲಸ. ಬೆಳಿಗ್ಗೆ ಯಾವ ನಕ್ಷತ್ರ, ಮಧ್ಯಾಹ್ನ ಯಾವುದು, ಸೂರ್ಯನಿಗೆ ಮುಖ ಕೊಡದೆ ತಿರುಗುವುದು ಹೇಗೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸುತ್ತಿದ್ದಳು. ಜೋಡಿಸಿದ್ದು ಸಂಜೆಯವರೆಗೆ ಉಳಿದರೆ ಅವಳಿಗೇ ಆಶ್ಚರ್ಯ. ಬ್ರಹ್ಮಾಂಡದ ಯಾವುದೋ ಮೂಲೆಯಲ್ಲಿ ದೊಡ್ಡ ನಕ್ಷತ್ರವೊಂದು ಕುಸಿಯುತ್ತಿತ್ತು, ಗಾಮಾ ಕಿರಣಗಳು ಕೆಲವೇ ಸೆಕೆಂಡು ಝಗ್ಗೆಂದು ಹೊಳೆದು ಆರುತ್ತಿದ್ದವು. ಕೂಡಲೇ ದೂರದರ್ಶಕ ಯಾರನ್ನೂ ಕೇಳದೆ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿತ್ತು. ಸ್ಫೋಟದ ಬಿಸಿ ಆರುವ ಮುನ್ನ ನೋಡಬೇಕಲ್ಲ, ಅದನ್ನು ಕಟ್ಟಿದ್ದೇ ಅದಕ್ಕೆ. ಹೇಳದೆ ಕೇಳದೆ ಬಂದ ನೆಂಟರಿಗೆ ಇನ್ನೊಂದು ತಟ್ಟೆ ಇಡುವವಳ ಹಾಗೆ ಅವಳು ಮಿಕ್ಕ ಪಟ್ಟಿಯನ್ನು ಮತ್ತೆ ಜೋಡಿಸುತ್ತಿದ್ದಳು. ಮನೆಯಲ್ಲೂ ಅವಳ ವೇಳಾಪಟ್ಟಿಗೆ ಯಾರೂ ಕಿಮ್ಮತ್ತು ಕೊಡುತ್ತಿರಲಿಲ್ಲ. ಹಾಗಾಗಿ ಕೆಲಸ ಬೇಗ ಒಗ್ಗಿತ್ತು.

ಅವಳ ಮೈದುನನ ಕಚೇರಿಯೂ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಅವನಿಗೆ ಜೋಡಿನಕ್ಷತ್ರಗಳ ಹುಚ್ಚು. ಅವನು ಮೆಚ್ಚಿದ ಜೋಡಿಯಲ್ಲಿ ಚಿಕ್ಕದು ಹನ್ನೊಂದು ವರ್ಷಕ್ಕೊಮ್ಮೆ ದೊಡ್ಡದರ ಹಿಂದೆ ಮರೆಯಾಗುತ್ತದೆ. ಕಳೆದ ಸಲ ಅವನಿನ್ನೂ ವಿದ್ಯಾರ್ಥಿ, ದೂರದರ್ಶಕದ ಸಮಯ ಕೇಳಿ ಹಾಕಿದ ಅರ್ಜಿಯನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಅಂದಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಈ ಸಲ ಅವನ ಪಾಲಿಗೆ ಅರ್ಧ ದಿನ ಸಿಕ್ಕಿತ್ತು.

ಅದರ ಹಿಂದಿನ ದಿನ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದ.

“ಅತ್ತಿಗೆ, ನಾಳೆ ಒಂದಿನ ದೂರದರ್ಶಕ ತಿರುಗದ ಹಾಗೆ ಬೀಗ ಹಾಕೋಕೆ ಆಗಲ್ವಾ?”

“ಆಗುತ್ತೆ.”

“ಹಾಕ್ತೀರಾ?”

“ಇಲ್ಲ. ಯಾರಿಗೂ ಹಾಕಿಲ್ಲ.”

ಅವನು ಮುಖ ಊದಿಸಿಕೊಂಡು ಹೋದ. ಇಬ್ಬರ ಮಾತೂ ಕೇಳಿಸಿಕೊಂಡ ಅವಳ ಗಂಡ, ಬುದ್ಧಿವಂತನಾದ್ದರಿಂದ, ಟಿವಿ ಜೋರು ಮಾಡಿದ.

ಮರುದಿನ ಚಿಕ್ಕ ನಕ್ಷತ್ರ ಮರೆಯಾಗತೊಡಗಿದ ಸ್ವಲ್ಪ ಹೊತ್ತಿಗೇ ಎಚ್ಚರಿಕೆಯ ಗಂಟೆ ಮೊಳಗಿತು. ದೂರದರ್ಶಕ ಆಗಲೇ ತಿರುಗಿತ್ತು. ಮೈದುನ ಮೆಟ್ಟಿಲಿಳಿದು ಬಂದು ಅವಳ ಕುರ್ಚಿಯ ಹಿಂದೆ ನಿಂತ. ಸಂಕೇತ ತೀರಾ ಕ್ಷೀಣವಾಗಿತ್ತು. ಇಂಥವು ಎಷ್ಟೋ ಸಲ ದಾರಿಹೋಕ ಕಣಗಳು ಉಪಕರಣಕ್ಕೆ ಬಡಿದು ಎಬ್ಬಿಸಿದ ಗದ್ದಲವಷ್ಟೇ. ಸುಳ್ಳು ಎಂದು ಅವಳು ಆದೇಶ ಕಳಿಸಿದರೆ ದೂರದರ್ಶಕ ಜೋಡಿಯತ್ತ ಮರಳುತ್ತದೆ, ಗ್ರಹಣದ ಬಹುಪಾಲು ಇನ್ನೂ ಕೈಗೆ ಸಿಗುತ್ತದೆ. ನಿಜವಾದದ್ದನ್ನು ಸುಳ್ಳೆಂದರೆ ಆ ಸ್ಫೋಟದ ಹೊಳಪು ಮತ್ತೆಂದೂ ಸಿಗುವುದಿಲ್ಲ.

ಮೊದಲ ಚಿತ್ರ ಬಂತು. ಮೂಲೆಯಲ್ಲಿ ಒಂದು ಮಸುಕು ಚುಕ್ಕೆ ಇದ್ದರೂ ಇದ್ದೀತು. ಸುಳ್ಳು ಎಂದುಬಿಡುವ ಆಸೆ ಅವಳಿಗಾಯಿತು. ಮೈದುನನೆಂದರೆ ಅವಳಿಗೆ ಬಲು ಅಕ್ಕರೆ. ಹೊಸದಾಗಿ ಆ ಮನೆಗೆ ಬಂದಾಗ ಅವಳ ಮಾತಿಗೆ ನಕ್ಕವನು ಅವನೊಬ್ಬನೇ. ಅದಕ್ಕೇ ಈಗ ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಬರಲಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ಮಸುಕು ಚುಕ್ಕೆ ನೋಡೋದ್ರಲ್ಲಿ ನನಗಿಂತ ನೀನು ವಾಸಿ. ನೀನು ಹೇಳಿದ್ದನ್ನೇ ಕಳಿಸ್ತೀನಿ.”

“ನನ್ನನ್ನ ಕೇಳ್ತೀರಾ? ಇವತ್ತು?”

“ಬೇರೆ ಯಾರೂ ಇಲ್ಲವಲ್ಲ.”

ಪಕ್ಕದ ಮೇಜಿನ ಇಬ್ಬರು ಎಂಜಿನಿಯರುಗಳು ತಾವು ಇಲ್ಲವೆಂಬುದನ್ನು ಒಪ್ಪಿಕೊಂಡು ಕೀಬೋರ್ಡ್ ನೋಡುತ್ತಾ ಕುಳಿತರು.

ಅವನು ಅದೇ ಜಾಗದ ಹಳೆಯ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ. ಎರಡನೆಯ ಚಿತ್ರ ಬರುವವರೆಗೆ ಕಾದ. ಅತ್ತ ಗ್ರಹಣ ತನ್ನ ಪಾಡಿಗೆ ನಡೆದಿತ್ತು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡ.

“ಇದೆ ಅತ್ತಿಗೆ,” ಎಂದ. “ಹಳೇದ್ರಲ್ಲಿ ಇಲ್ಲ. ಮಂಕಾಗ್ತಾನೂ ಇದೆ. ನಿಜವಾದ್ದೇ.”

ಅವಳು ಲೋಕದ ವೀಕ್ಷಣಾಲಯಗಳಿಗೆಲ್ಲ ಸುದ್ದಿ ಕಳಿಸಿದಳು. ದೂರದರ್ಶಕ ಅಲ್ಲೇ ಉಳಿಯಿತು, ಅವನು ಕಾದದ್ದೆಲ್ಲ ಮಣ್ಣುಪಾಲಾಯಿತು. ಅವಳಿಗೆ ಅಳು ಬಂತು. ಆ ದಿನದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಒಂದು ಲೋಟ ನೀರು ಕುಡಿದಳು.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟರು.

“ಮುಂದಿನ ಸಲಕ್ಕೆ ಬೇಗ ಅರ್ಜಿ ಹಾಕು,” ಎಂದಳು ಅವಳು.

“ಆಗಲಾದ್ರೂ ಬೀಗ ಹಾಕ್ತೀರಾ?”

“ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಆಗ ಯಾರಿರ್ತಾರೋ ಅವರನ್ನ ಕೇಳು.”



“ಬೇಡ ಬಿಡಿ,” ಎಂದ. “ಹಾಕಿಬಿಟ್ಟಾರು.”